ಹಿತ್ತಿಲ ನಿಂಬೆ, ಕುಂಡದ ಸೊಪ್ಪು: ಕೊಯ್ಯುವುದರಿಂದ ಬಡಿಸುವವರೆಗೆ ಹಂತ ಹಂತವಾಗಿ

ಚಿತ್ರಾನ್ನ ಕಹಿಯಾಯಿತು. ಬೆಳಿಗ್ಗೆ ಚೆನ್ನಾಗಿದ್ದ ನಿಂಬೆಹಣ್ಣಿನ ಸಾರು ಮಧ್ಯಾಹ್ನ ಬಾಯಿಗೆ ಹಿಡಿಸಲಿಲ್ಲ. ಪುದೀನ ಚಟ್ನಿ ಊಟದ ಹೊತ್ತಿಗೆ ಕಪ್ಪಾಯಿತು. ಉಪ್ಪಿನಕಾಯಿಗೆ ಬೂಷ್ಟು ಬಂತು. ಮನೆಯಲ್ಲೇ ನಿಂಬೆ, ಕರಿಬೇವು, ಕೊತ್ತಂಬರಿ ಬೆಳೆದುಕೊಳ್ಳುವವರಿಂದ ಮತ್ತೆ ಮತ್ತೆ ಬರುವ ದೂರುಗಳು ಇವೇ. ಸಂತೆಯಿಂದ ತಂದಾಗ ಸರಿಯಾಗಿ ಬರುತ್ತಿದ್ದ ಅಡುಗೆ ಹಿತ್ತಿಲಿನ ಹಣ್ಣು ಬಳಸಿದಾಗ ಏಕೆ ಕೆಡುತ್ತದೆ ಎಂದು ಕೇಳುತ್ತಾರೆ. ಸಂತೆಯ ಹಣ್ಣನ್ನು ಯಾರೋ ಹದ ನೋಡಿ ಕೊಯ್ದಿರುತ್ತಾರೆ; ಮನೆಯ ಗಿಡದಿಂದ ನಾವು ಒಗ್ಗರಣೆ ಸಿಡಿಯುತ್ತಿರುವಾಗ ಓಡಿಹೋಗಿ ಕೈಗೆ ಸಿಕ್ಕಿದ್ದನ್ನು ಕಿತ್ತು ತರುತ್ತೇವೆ. ಅರ್ಧ ತಪ್ಪು ಅಲ್ಲಿದೆ. ಇನ್ನರ್ಧ, ಯಾವುದನ್ನು ಯಾವಾಗ ಪಾತ್ರೆಗೆ ಹಾಕಬೇಕೆಂಬ ಕ್ರಮದಲ್ಲಿದೆ.

ಗಿಡ ನೆಡುವ, ಗೊಬ್ಬರ ಹಾಕುವ ವಿಷಯ ಇಲ್ಲಿಲ್ಲ. ಗಿಡ ಈಗಾಗಲೇ ಇದೆ, ಹಣ್ಣು ಬಿಡುತ್ತಿದೆ ಎಂದಿಟ್ಟುಕೊಂಡು ಮುಂದುವರಿಯೋಣ.

## ಹಂತ 1: ಸಾಮಾನು ಹೊಂದಿಸಿಕೊಳ್ಳಿ

ಬೇಕಾದದ್ದು ಹೆಚ್ಚೇನಿಲ್ಲ. ತೊಟ್ಟು ಕತ್ತರಿಸಲು ಚೂಪಾದ ಸಣ್ಣ ಕತ್ತರಿ, ಮುಳ್ಳಿನಿಂದ ಕೈ ಕಾಯಲು ದಪ್ಪ ಬಟ್ಟೆಯ ತುಂಡು, ಒಂದು ಹತ್ತಿಯ ಪಂಚೆ ಅಥವಾ ಹಳೆಯ ಟವೆಲ್, ಸಣ್ಣ ಕಣ್ಣಿನ ಜರಡಿ, ಚಾಕು ಅಥವಾ ಈಳಿಗೆಮಣೆ, ನಿಂಬೆ ಹಿಂಡುವ ಇಕ್ಕಳ, ಗಾಳಿಯಾಡದ ಒಂದೆರಡು ಡಬ್ಬಿ. ಉಪ್ಪಿನಕಾಯಿ ಹಾಕುವವರಿಗೆ ಪಿಂಗಾಣಿ ಜಾಡಿ ಅಥವಾ ಅಗಲ ಬಾಯಿಯ ಗಾಜಿನ ಭರಣಿ.

ಪಾತ್ರೆಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ನಿಂಬೆರಸವನ್ನು ಸ್ಟೀಲ್, ಗಾಜು, ಪಿಂಗಾಣಿಯಲ್ಲಷ್ಟೇ ಇಡಬೇಕು. ಹಿಂಡಿದ ಸಿಪ್ಪೆಗೆ ಉಪ್ಪು ಹಚ್ಚಿ ಹಿತ್ತಾಳೆಯ ದೀಪ ಉಜ್ಜಿದರೆ ಅದು ಪಳಪಳ ಹೊಳೆಯುವುದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಆಮ್ಲವು ಲೋಹದ ಮೇಲ್ಪದರವನ್ನು ಕರಗಿಸುತ್ತಿರುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರ ಅಥವಾ ಅಲ್ಯುಮಿನಿಯಂ ಪಾತ್ರೆಯಲ್ಲಿ ನಿಂಬೆ ಬಿದ್ದ ಸಾರು ಇಟ್ಟರೆ ಅದೇ ಕೆಲಸ ಸಾರಿನೊಳಗೆ ನಡೆಯುತ್ತದೆ. ಬಾಯಲ್ಲಿ ಲೋಹದ ರುಚಿ ಬಂದರೆ ಆ ಸಾರನ್ನು ಚೆಲ್ಲಿ. ಅಲ್ಯುಮಿನಿಯಂ ಇಕ್ಕಳ ಇದ್ದವರು ಹಿಂಡಿದ ಕೂಡಲೇ ತೊಳೆದಿಟ್ಟರೆ ಸಾಕು, ಎಸೆಯಬೇಕಿಲ್ಲ.

## ಹಂತ 2: ನಿಂಬೆಯನ್ನು ಹದ ನೋಡಿ ಕೊಯ್ಯಿರಿ

ಮಾವಿನಂತೆ ನಿಂಬೆಯನ್ನು ಕಾಯಿ ಕಿತ್ತು ಹುಲ್ಲಿನಲ್ಲಿಟ್ಟು ಹಣ್ಣು ಮಾಡಲಾಗದು. ಕೊಯ್ದ ಮೇಲೆ ಸಿಪ್ಪೆಯ ಬಣ್ಣ ಹಳದಿಗೆ ತಿರುಗಬಹುದು, ಒಳಗಿನ ರಸ ಹೆಚ್ಚುವುದಿಲ್ಲ. ಹಾಗಾಗಿ ಗಿಡದಲ್ಲೇ ಹದ ಬರಬೇಕು.

ಹದ ಗುರುತಿಸುವುದು ಹೀಗೆ. ಎಳೆಯ ಕಾಯಿ ಕಡುಹಸಿರು, ಮೈ ಒರಟು, ಒತ್ತಿದರೆ ಕಲ್ಲು. ಬಲಿತಂತೆ ಬಣ್ಣ ತಿಳಿಹಸಿರಾಗುತ್ತದೆ, ಮೈ ನುಣುಪಾಗಿ ಹೊಳೆಯತೊಡಗುತ್ತದೆ, ಹೆಬ್ಬೆರಳಿನಿಂದ ಒತ್ತಿದರೆ ತುಸು ಜಗ್ಗುತ್ತದೆ. ತಿಳಿಹಸಿರು ಹೋಗಿ ಹಳದಿ ಇಣುಕುವ ಆ ಹೊತ್ತೇ ದಿನನಿತ್ಯದ ಅಡುಗೆಗೆ ಸರಿಯಾದ ಹೊತ್ತು: ರಸ ತುಂಬಿರುತ್ತದೆ, ಪರಿಮಳವೂ ಇರುತ್ತದೆ. ಪೂರ್ತಿ ಹಳದಿಯಾದದ್ದು ಉಪ್ಪಿನಕಾಯಿಗೆ, ಪಾನಕಕ್ಕೆ ಒಳ್ಳೆಯದು. ಗಾತ್ರ ಒಂದೇ ಇರುವ ಎರಡು ಹಣ್ಣನ್ನು ಎರಡು ಕೈಯಲ್ಲಿ ತೂಗಿ ನೋಡಿ. ಭಾರವಾದುದರಲ್ಲಿ ರಸ ಹೆಚ್ಚು, ಹಗುರವಾದುದರಲ್ಲಿ ಸಿಪ್ಪೆ ಹೆಚ್ಚು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ವಿಜಯಪುರ ಜಿಲ್ಲೆಯ ಇಂಡಿಯ ಕಡೆಯಿಂದ ಬರುವಂಥ ತೆಳು ಸಿಪ್ಪೆಯ ಕಾಗ್ಜಿ ನಿಂಬೆಯ ಲೆಕ್ಕವೇ ಬೇರೆ, ಹಿತ್ತಿಲಲ್ಲಿ ಬೆಳೆಯುವ ಗಜನಿಂಬೆಯ ಲೆಕ್ಕವೇ ಬೇರೆ. ಗಜನಿಂಬೆಯ ಸಿಪ್ಪೆ ದಪ್ಪ, ಅದು ಉಪ್ಪಿನಕಾಯಿಗೆ. ಹೇರಳೆಕಾಯಿಯ ರಸದಲ್ಲಿ ಹುಟ್ಟಿನಿಂದಲೇ ಸಣ್ಣ ಕಹಿ ಇರುತ್ತದೆ. ಹಳೆ ಮೈಸೂರಿನ ಕಡೆ ಅದರಲ್ಲೂ ಚಿತ್ರಾನ್ನ ಮಾಡುತ್ತಾರೆ, ಆ ಕಹಿ ಅಲ್ಲಿ ತಪ್ಪಲ್ಲ. ನಿಮ್ಮ ಗಿಡ ಯಾವುದೆಂದು ತಿಳಿಯದೆ ಕಹಿಗೆ ಕೈಯನ್ನು ದೂರಬೇಡಿ.

ಕೊಯ್ಯುವ ಕ್ರಮ: ಬೆಳಗಿನ ಇಬ್ಬನಿ ಆರಿದ ಮೇಲೆ ಹೋಗಿ. ಒದ್ದೆ ಹಣ್ಣನ್ನು ಒತ್ತಿ ಹಿಡಿದರೆ ಸಿಪ್ಪೆಯೊಳಗಿನ ಎಣ್ಣೆಯ ಚೀಲಗಳು ಒಡೆದು ಒಂದೆರಡು ದಿನದಲ್ಲಿ ಆ ಜಾಗ ಕಂದು ಮಚ್ಚೆಯಾಗುತ್ತದೆ. ಬಟ್ಟೆ ಸುತ್ತಿದ ಕೈಯಿಂದ ಕೊಂಬೆಯನ್ನು ಹಿಡಿದು, ಹಣ್ಣಿನ ಮೇಲೆ ತುಸು ತೊಟ್ಟು ಉಳಿಯುವಂತೆ ಕತ್ತರಿಸಿ. ಜಗ್ಗಿ ಕೀಳುವವರೇ ಹೆಚ್ಚು. ಜಗ್ಗಿದಾಗ ತೊಟ್ಟಿನ ಬಳಿ ಸಿಪ್ಪೆ ಕಿತ್ತುಬರುತ್ತದೆ, ಕೊಳೆ ಶುರುವಾಗುವುದು ಅಲ್ಲಿಂದಲೇ. ನೆಲಕ್ಕೆ ಬಿದ್ದ ಹಣ್ಣು ಅದೇ ದಿನ ಬಿದ್ದದ್ದಾಗಿದ್ದು, ಒಡೆದಿಲ್ಲದಿದ್ದರೆ ಆ ದಿನವೇ ಬಳಸಿ. ಕೂಡಿಡುವ ಹಣ್ಣಿನ ಜೊತೆ ಸೇರಿಸಬೇಡಿ.

ಮೇಲೆ ಕಂದು ಬಣ್ಣದ ಒರಟು ಗುಳ್ಳೆ, ಸುತ್ತ ಹಳದಿ ಉಂಗುರ ಕಂಡರೆ ಅದು ಕಜ್ಜಿ ರೋಗ. ಗಿಡಕ್ಕೆ ರೋಗ, ತಿನ್ನುವವರಿಗಲ್ಲ. ಒಳಗೆ ಹಣ್ಣು ಚೆನ್ನಾಗಿದ್ದರೆ ರಸ ಬಳಸಬಹುದು. ಸಿಪ್ಪೆಸಮೇತ ತಿನ್ನುವ ಉಪ್ಪಿನಕಾಯಿಗೆ ಮಾತ್ರ ಅವು ಬೇಡ.

## ಹಂತ 3: ಸೊಪ್ಪನ್ನು ಗಿಡ ಉಳಿಯುವಂತೆ ಕೊಯ್ಯಿರಿ

ಕರಿಬೇವಿನ ಎಲೆಗಳನ್ನು ಒಂದೊಂದಾಗಿ ತರಿದು ಬೋಳು ಕಡ್ಡಿಯನ್ನು ಗಿಡದಲ್ಲಿ ಬಿಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಹಾಗೆ ಮಾಡಿದ ಗಿಡ ಮೇಲಕ್ಕೆ ಕೋಲಿನಂತೆ ಏರುತ್ತದೆ, ಎಲೆ ಕೈಗೆ ಸಿಗುವುದಿಲ್ಲ. ಕಡ್ಡಿಸಮೇತ ಎಸಳನ್ನು ತೆಗೆಯಿರಿ. ತಿಂಗಳಿಗೊಮ್ಮೆಯಾದರೂ ತುದಿಯನ್ನು ಚಿವುಟಿ. ಚಿವುಟಿದಲ್ಲಿ ಎರಡು ಕವಲು ಒಡೆಯುತ್ತದೆ. ಚಳಿಗಾಲದಲ್ಲಿ ಚಿಗುರು ನಿಧಾನ, ಆಗ ಕೈ ಬಿಗಿಹಿಡಿಯಿರಿ.

ಕೊತ್ತಂಬರಿ ಬಿತ್ತಿದ ಸುಮಾರು ಒಂದೂವರೆ ತಿಂಗಳಿಗೆ ಹದಕ್ಕೆ ಬರುತ್ತದೆ. ಅಗಲ ಎಲೆ ಇರುವಾಗ ಕೀಳಬೇಕು. ಎಲೆ ಸಬ್ಬಸಿಗೆಯಂತೆ ಎಳೆಎಳೆಯಾಗಿ ಸೀಳತೊಡಗಿತೆಂದರೆ ಹೂವಿಗೆ ಹೊರಟಿದೆ, ರುಚಿ ಒರಟಾಗಿದೆ ಎಂದರ್ಥ. ಆಗ ಎಲೆಯ ಆಸೆ ಬಿಟ್ಟು ಹಸಿ ಕಾಳು ಕಟ್ಟುವವರೆಗೆ ಕಾಯಿರಿ. ಹಸಿ ಕೊತ್ತಂಬರಿ ಕಾಳನ್ನು ಚಟ್ನಿಗೆ ಹಾಕಿ ರುಬ್ಬಿದರೆ ಬರುವ ಪರಿಮಳ ಎಲೆಗೂ ಇಲ್ಲ, ಒಣ ಧನಿಯಕ್ಕೂ ಇಲ್ಲ. ಕುಂಡದಲ್ಲಿ ಬೆಳೆದವರಿಗಷ್ಟೇ ಸಿಗುವ ಭಾಗ್ಯ ಅದು.

ಪುದೀನವನ್ನು ಎಲೆಜೋಡಿಯ ತುಸು ಮೇಲಕ್ಕೆ ಕತ್ತರಿಸಿ, ಹೂ ಬರುವ ಮುಂಚೆ. ದೊಡ್ಡಪತ್ರೆಯಲ್ಲಿ ಅಂಗೈಯಗಲದ ಮುದಿ ಎಲೆ ಬೇಡ, ಮೇಲಿನ ಮೂರು ನಾಲ್ಕು ಜೋಡಿ ಸಾಕು. ನಿಂಬೆಹುಲ್ಲಿನ ಅಂಚು ಬೆರಳು ಕೊಯ್ಯುತ್ತದೆ, ಕತ್ತರಿ ಹಿಡಿಯಿರಿ. ಒಂದೆಲಗವನ್ನು ಕುಂಡದಲ್ಲಿ ಬೆಳೆದಿದ್ದರೆ ಸರಿ. ಚರಂಡಿಯ ಪಕ್ಕ, ಕೊಳಚೆ ನೀರು ಹರಿಯುವಲ್ಲಿ ಎಷ್ಟೇ ಸೊಂಪಾಗಿ ಬೆಳೆದಿದ್ದರೂ ಮುಟ್ಟಬೇಡಿ. ಅದನ್ನು ಹಸಿಯಾಗಿಯೇ ರುಬ್ಬುತ್ತೇವೆ ಎಂಬುದು ನೆನಪಿರಲಿ.

ಇನ್ನು ನಿಂಬೆ ಗಿಡದ ಎಲೆ. ಹಣ್ಣಿಲ್ಲದ ತಿಂಗಳುಗಳಲ್ಲೂ ಇದು ಸಿಗುತ್ತದೆ, ಆದರೂ ಬಳಸುವವರು ಕಡಿಮೆ. ತೀರಾ ಎಳೆಯದೂ ಅಲ್ಲದ, ಬಲಿತು ಚರ್ಮದಂತಾದದ್ದೂ ಅಲ್ಲದ ನಡುವಿನ ಎಲೆ ಆರಿಸಿ. ಕೀಳುವ ಮೊದಲು ಎಲೆಯನ್ನು ತಿರುಗಿಸಿ ನೋಡಿ. ಹಕ್ಕಿಯ ಹಿಕ್ಕೆ ಬಿದ್ದಂತೆ ಕಂದು ಬಿಳಿ ಗೆರೆಯ ಚೂರೊಂದು ಅಂಟಿಕೊಂಡಿದ್ದರೆ, ಮೆಲ್ಲನೆ ಮುಟ್ಟಿ. ಅದು ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಕೊಂಬನ್ನು ಚಾಚಿ ಘಾಟು ವಾಸನೆ ಬಿಟ್ಟರೆ, ಅದು ನಿಂಬೆ ಚಿಟ್ಟೆಯ ಮರಿಹುಳು. ಬೆಳೆದಂತೆ ಹಸಿರಾಗಿ ಎಲೆಯ ಬಣ್ಣಕ್ಕೇ ಸೇರಿಹೋಗುತ್ತದೆ. ನಿಂಬೆ, ಕರಿಬೇವು ಎರಡೂ ಒಂದೇ ಕುಟುಂಬದ ಗಿಡಗಳು, ಆದ್ದರಿಂದ ಈ ಬಗೆಯ ಹುಳು ಎರಡರಲ್ಲೂ ಕಾಣಿಸುತ್ತದೆ. ಅಡುಗೆಗೆ ಎಲೆ ಕೀಳುವ ಗಿಡಕ್ಕೆ ಔಷಧಿ ಹೊಡೆಯುವ ಬದಲು ಕಡ್ಡಿಯಿಂದ ಹುಳು ತೆಗೆದು ಹಾಕಿ. ಹೊಡೆದಿದ್ದರೆ, ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆಯುವವರೆಗೆ ಆ ಗಿಡದ ಎಲೆಯೂ ಬೇಡ, ಹಣ್ಣೂ ಬೇಡ.

## ಹಂತ 4: ತೊಳೆದು, ನೀರಾರಿಸಿ, ಎತ್ತಿಡಿ

ಹೆಚ್ಚು ಕೊಯ್ದಾಗ ಕೆಡುವುದು ಬಹುಪಾಲು ನೀರಿನಿಂದ. ಇಟ್ಟು ಬಳಸುವ ಸೊಪ್ಪನ್ನು ತೊಳೆಯದೆ ಇಡುವುದೇ ಮೇಲು. ತೊಳೆದರೆ ಪಂಚೆಯ ಮೇಲೆ ಹರಡಿ ಫ್ಯಾನಿನ ಗಾಳಿಗೆ ಪೂರ್ತಿ ಆರಿಸಿ.

ಕರಿಬೇವನ್ನು ಕಡ್ಡಿಯಿಂದ ಬಿಡಿಸಿ, ಒಣಬಟ್ಟೆಯಲ್ಲಿ ಒರಸಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಕೊತ್ತಂಬರಿ, ಪುದೀನಕ್ಕೆ ಡಬ್ಬಿಯ ತಳದಲ್ಲೂ ಮೇಲೂ ಒಂದೊಂದು ಬಟ್ಟೆಯ ಪದರ ಹಾಕಿ, ಅದು ಒದ್ದೆಯಾದಾಗ ಬದಲಿಸಿ. ದೊಡ್ಡಪತ್ರೆ, ತುಳಸಿಯನ್ನು ಫ್ರಿಜ್‌ಗೆ ಹಾಕಲೇಬೇಡಿ. ಚಳಿಗೆ ಎಲೆ ಕಪ್ಪಾಗುತ್ತದೆ. ಗಿಡ ಅಂಗಳದಲ್ಲೇ ಇರುವಾಗ ಅವನ್ನು ಕೂಡಿಡುವ ಅಗತ್ಯವಾದರೂ ಏನಿದೆ?

ನಿಂಬೆಹಣ್ಣು ಹೊರಗೆ ಬುಟ್ಟಿಯಲ್ಲಿ ಒಂದು ವಾರ ಚೆನ್ನಾಗಿರುತ್ತದೆ. ಆಮೇಲೆ ಸಿಪ್ಪೆಯ ನೀರು ಆರಿ ಗಟ್ಟಿಯಾಗುತ್ತದೆ, ಹಿಂಡಲು ಬಗ್ಗುವುದಿಲ್ಲ. ಮೈಮೇಲಿನ ನೀರು ಆರಿದ ತಾಜಾ ಹಣ್ಣನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಫ್ರಿಜ್‌ನ ತರಕಾರಿ ಖಾನೆಯಲ್ಲಿಟ್ಟರೆ ಮೂರು ನಾಲ್ಕು ವಾರ ಬರುತ್ತದೆ. ಹಸಿರು ಹಣ್ಣಿಗೆ ಅತಿ ತಣ್ಣಗಿನ ಜಾಗ ಆಗದು, ಮೈಮೇಲೆ ಕಂದು ಗುಳಿ ಬೀಳುತ್ತವೆ. ವಾರಕ್ಕೊಮ್ಮೆ ಡಬ್ಬಿ ತೆರೆದು ಮೆತ್ತಗಾದದ್ದನ್ನು ಹೊರಹಾಕಿ.

## ಹಂತ 5: ರಸವನ್ನು ಕಹಿಯಾಗದಂತೆ ಹಿಂಡಿ

ಫ್ರಿಜ್‌ನಿಂದ ತೆಗೆದ ಹಣ್ಣನ್ನು ಸ್ವಲ್ಪ ಹೊತ್ತು ಹೊರಗಿಡಿ. ನೆಲದ ಮೇಲೆ ಅಂಗೈಯಿಂದ ಒತ್ತಿ ಹೊರಳಿಸಿ, ಅಡ್ಡಕ್ಕೆ ಕತ್ತರಿಸಿ. ಚಾಕುವಿನ ತುದಿಯಿಂದ ಕಾಣುವ ಬೀಜಗಳನ್ನೆಲ್ಲ ಮೊದಲೇ ತೆಗೆಯಿರಿ. ಆಮೇಲೆ ಜರಡಿಯ ಮೇಲೆ ಹಿಂಡಿ. ಇಕ್ಕಳದಲ್ಲಿ ಕತ್ತರಿಸಿದ ಮುಖ ಕೆಳಗಿರಬೇಕು, ತೂತುಗಳ ಕಡೆ. ಮಧ್ಯಮ ಗಾತ್ರದ ಒಂದು ಹಣ್ಣಿಗೆ ಒಂದರಿಂದ ಒಂದೂವರೆ ದೊಡ್ಡ ಚಮಚ ರಸ ಸಿಗುತ್ತದೆ.

ಕೊನೆಯ ಹನಿಗಾಗಿ ಬಲಪ್ರಯೋಗ ಬೇಡ. ಕಹಿಯ ಮೂಲ ಬೀಜದಲ್ಲಿ, ಸಿಪ್ಪೆಯ ಒಳಗಿನ ಬಿಳಿ ತಿರುಳಿನಲ್ಲಿ, ಪದರಗಳಲ್ಲಿ ಇದೆ. ಇಡೀ ಹಣ್ಣಿನಲ್ಲಿ ಅದು ಕಹಿಯಿಲ್ಲದ ರೂಪದಲ್ಲಿರುತ್ತದೆ. ರಸದ ಆಮ್ಲ ತಗುಲಿದ ಮೇಲೆ ನಿಧಾನಕ್ಕೆ ಲಿಮೋನಿನ್ ಎಂಬ ಕಹಿ ವಸ್ತುವಾಗಿ ಬದಲಾಗುತ್ತದೆ. ಬಿಸಿ ತಗುಲಿದರೆ ಈ ಬದಲಾವಣೆ ಬೇಗ ಆಗುತ್ತದೆ. ಬೆಳಿಗ್ಗೆ ಹಿಂಡಿದಾಗ ಸರಿಯಿದ್ದ ರಸ ಮಧ್ಯಾಹ್ನ ಕಹಿಯಾಗುವುದಕ್ಕೂ, ಸಾರು ಮತ್ತೆ ಬಿಸಿ ಮಾಡಿದಾಗ ಬಾಯಿ ಕೆಡುವುದಕ್ಕೂ ಇದೇ ಕಾರಣ. ಆದ್ದರಿಂದ ಬೇಕಾದಾಗ ಬೇಕಾದಷ್ಟೇ ಹಿಂಡಿ, ಬೀಜ ಬಿದ್ದ ರಸವನ್ನು ಇಡಬೇಡಿ, ಸಿಪ್ಪೆಯನ್ನು ಪಾತ್ರೆಯೊಳಗೆ ಎಸೆಯಬೇಡಿ.

ಹಿಂಡಿದ ಮೇಲೆ ಕೈಯನ್ನು ಸೋಪಿನಿಂದ ತೊಳೆದೇ ಬಿಸಿಲಿಗೆ ಹೋಗಿ. ನಿಂಬೆಯ ಸಿಪ್ಪೆ, ರಸದಲ್ಲಿರುವ ಕೆಲವು ವಸ್ತುಗಳು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳಬಹುದು, ಕಪ್ಪು ಕಲೆ ವಾರಗಟ್ಟಲೆ ಉಳಿಯಬಹುದು. ಅಂಗಳದಲ್ಲಿ ಕುಳಿತು ಉಪ್ಪಿನಕಾಯಿಗೆ ಹಣ್ಣು ಹೆಚ್ಚುವವರು, ಶರಬತ್ತು ಮಾಡಿ ಮಕ್ಕಳನ್ನು ಆಟಕ್ಕೆ ಕಳಿಸುವವರು ಇದನ್ನು ಗಮನಿಸಬೇಕು.

## ಹಂತ 6: ಒಲೆಯ ಮುಂದಿನ ಕ್ರಮ

ಇಡೀ ಬರಹದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ. ಪ್ರತಿಯೊಂದು ಸೊಪ್ಪಿಗೂ ಅದರದೇ ಆದ ಸಮಯವಿದೆ.

ಎಣ್ಣೆಗೆ ಬೀಳುವುದು ಕರಿಬೇವು. ಅದರ ಪರಿಮಳ ಎಣ್ಣೆಯಲ್ಲಿ ಬಿಡುತ್ತದೆ, ನೀರಿನಲ್ಲಿ ಅಷ್ಟಾಗಿ ಬಿಡದು. ಸಾಸಿವೆ ಸಿಡಿದು, ಬೇಳೆ ಹೊಂಬಣ್ಣಕ್ಕೆ ಬಂದ ಮೇಲೆ ಹಾಕಬೇಕು. ಎಲೆಯಲ್ಲಿ ನೀರಿದ್ದರೆ ಎಣ್ಣೆ ಮುಖಕ್ಕೆ ಹಾರುತ್ತದೆ. ಮೊದಲೇ ಹಾಕಿದರೆ ಬೇಳೆ ಕೆಂಪಾಗುವಷ್ಟರಲ್ಲಿ ಎಲೆ ಕರಿಕಲಾಗುತ್ತದೆ.

ನೀರಿನಲ್ಲಿ ಕುದಿಯಬಲ್ಲದ್ದು ಕೊತ್ತಂಬರಿಯ ಬೇರು ಮತ್ತು ದಪ್ಪ ಕಡ್ಡಿ, ನಿಂಬೆಹುಲ್ಲು, ಶುಂಠಿ. ಕೊತ್ತಂಬರಿಯನ್ನು ಬುಡಸಮೇತ ಕಿತ್ತವರು ಬೇರನ್ನು ಎಸೆಯುತ್ತಾರೆ. ಚೆನ್ನಾಗಿ ಉಜ್ಜಿ ತೊಳೆದು, ಜಜ್ಜಿ, ಸಾರಿನಲ್ಲಿ ಕುದಿಸಿ, ಬಡಿಸುವ ಮುಂಚೆ ತೆಗೆಯಿರಿ. ನಿಂಬೆಹುಲ್ಲಿನ ಎಲೆಗಳನ್ನು ಗಂಟು ಹಾಕಿ ಕಷಾಯಕ್ಕೆ ಬಿಟ್ಟರೆ ತೆಗೆಯುವುದು ಸುಲಭ.

ಬಾಡಿಸಿ ರುಬ್ಬುವುದು ದೊಡ್ಡಪತ್ರೆ, ಪುದೀನ. ಒಂದು ಚಮಚ ತುಪ್ಪ ಅಥವಾ ಎಣ್ಣೆಯಲ್ಲಿ ಎಲೆ ಮುದುಡುವಷ್ಟು ಬಾಡಿಸಿದರೆ ಹಸಿ ಘಾಟು ಹೋಗುತ್ತದೆ.

ಉರಿ ಆರಿಸಿದ ಮೇಲೆ ಕೊತ್ತಂಬರಿ ಎಲೆ, ಎಲ್ಲಕ್ಕಿಂತ ಕೊನೆಗೆ ನಿಂಬೆರಸ. ಕುದಿಯುವುದರಲ್ಲಿ ಹಿಂಡಿದರೆ ಪರಿಮಳ ಹಬೆಯ ಜೊತೆ ಹಾರುತ್ತದೆ, ಸಿ ಜೀವಸತ್ವ ಕಡಿಮೆಯಾಗುತ್ತದೆ, ಕಹಿ ಏಳುತ್ತದೆ. ಉರಿ ಆರಿಸಿ, ಕುದಿ ನಿಂತು, ಎರಡು ನಿಮಿಷ ಕಳೆದ ಮೇಲೆ ಹಾಕಿ.

ಇನ್ನೂ ಮೂರು ಕಡೆ ನಿಂಬೆ ಕೆಲಸ ಕೆಡಿಸುತ್ತದೆ. ಬೇಳೆ, ಕಾಳು ಬೇಯುವ ಮೊದಲೇ ಹುಳಿ ಬಿದ್ದರೆ ಅವು ಬೇಗ ಮೆತ್ತಗಾಗುವುದಿಲ್ಲ. ಹಸಿರು ಸೊಪ್ಪಿನ ಬಿಸಿ ಪಲ್ಯಕ್ಕೆ ಹಿಂಡಿ ಮುಚ್ಚಿಟ್ಟರೆ ಹಸಿರು ಹೋಗಿ ಪಾಚಿಯ ಬಣ್ಣ ಬರುತ್ತದೆ. ಬಿಸಿ ಹಾಲು ಬಿದ್ದ ಅಡುಗೆಯಂತೂ ಒಡೆದೇ ಹೋಗುತ್ತದೆ. ಬೇಕೆಂದೇ ಒಡೆಯಬೇಕಿದ್ದರೆ, ಅಂದರೆ ಪನೀರ್‌ಗೆ, ಒಂದು ಲೀಟರ್ ಹಾಲಿಗೆ ಸುಮಾರು ಎರಡು ದೊಡ್ಡ ಚಮಚ ರಸ.

ಹುಣಸೆಹಣ್ಣು ಮುಗಿದಿದೆ, ಗಿಡದ ತುಂಬ ನಿಂಬೆ ಇದೆ ಎಂದು ಹುಳಿಗೆ ನಿಂಬೆ ಹಿಂಡುವವರಿದ್ದಾರೆ. ಹುಣಸೆ ಮಸಾಲೆಯ ಜೊತೆ ಕುದಿಯಲೆಂದೇ ಇರುವ ಹುಳಿ, ನಿಂಬೆ ಕುದಿ ಸಹಿಸದ ಹುಳಿ. ಒಂದರ ಬದಲು ಇನ್ನೊಂದು ನಿಲ್ಲುವುದಿಲ್ಲ. ಹುಣಸೆ ಇಲ್ಲದ ದಿನ ಹುಳಿಯ ಬದಲು ನಿಂಬೆ ಸಾರನ್ನೇ ಮಾಡಿಬಿಡಿ.

## ಹಂತ 7: ಕೈ ಪಳಗಲು ಐದು ಅಡುಗೆ

ಚಿತ್ರಾನ್ನ. ಒಂದು ಲೋಟ ಅಕ್ಕಿಯ ಅನ್ನ ಉದುರಾಗಿರಲಿ. ಅಗಲ ಬೇಸಿನ್‌ನಲ್ಲಿ ಹರಡಿ, ಒಂದು ಚಮಚ ಎಣ್ಣೆ ಸವರಿ, ಉಗುರುಬೆಚ್ಚಗಾಗಲು ಬಿಡಿ. ಒಂದು ರಸವತ್ತಾದ ನಿಂಬೆಯನ್ನು ಬಟ್ಟಲಿಗೆ ಹಿಂಡಿ, ಉಪ್ಪನ್ನು ಅದರಲ್ಲೇ ಕರಗಿಸಿಡಿ. ಆಗ ಉಪ್ಪು, ಹುಳಿ ಎರಡೂ ಅನ್ನದ ಎಲ್ಲ ಕಡೆ ಒಂದೇ ಸಮ ಸೇರುತ್ತವೆ. ಈಗ ಎರಡು ದೊಡ್ಡ ಚಮಚ ಎಣ್ಣೆ ಕಾಯಿಸಿ, ಕಡಲೆಕಾಯಿ ಬೀಜ ಹುರಿದು ತೆಗೆದಿಡಿ. ಅದೇ ಎಣ್ಣೆಗೆ ಸಾಸಿವೆ, ಸಿಡಿದ ಮೇಲೆ ಕಡಲೆಬೇಳೆ, ಉದ್ದಿನಬೇಳೆ, ಹೊಂಬಣ್ಣ ಬಂದಾಗ ಸೀಳಿದ ನಾಲ್ಕು ಹಸಿಮೆಣಸಿನಕಾಯಿ, ಆಮೇಲೆ ಕರಿಬೇವು. ಕರಿಬೇವು ಚಟಪಟ ನಿಂತು ಗರಿಗರಿಯಾದ ಕ್ಷಣ ಉರಿ ಆರಿಸಿ. ಕಾಲು ಚಮಚ ಅರಿಶಿನ ಆ ಉಳಿದ ಬಿಸಿಗೆ ಬೀಳಬೇಕು. ಉರಿಯ ಮೇಲೆ ಹಾಕಿದ ಅರಿಶಿನ ಸೀದು ಕಹಿಯಾಗುತ್ತದೆ. ಚಿತ್ರಾನ್ನ ಕಹಿಯಾಯಿತೆಂದು ನಿಂಬೆಯನ್ನು ಬೈಯುವವರ ಮನೆಯಲ್ಲಿ ಎಷ್ಟೋ ಸಲ ತಪ್ಪಿತಸ್ಥ ಅರಿಶಿನ. ಒಗ್ಗರಣೆಯನ್ನು ಅನ್ನಕ್ಕೆ ಸುರಿದು ಕಲಸಿ, ಬಿಸಿ ಇಳಿದ ಮೇಲೆ ಉಪ್ಪು ಕರಗಿದ ರಸ ಹಾಕಿ. ರಸ ಸೋಕಿದೊಡನೆ ಅರಿಶಿನದ ಹಳದಿ ತಿಳಿಯಾಗಿ ಎದ್ದು ಕಾಣುತ್ತದೆ. ಕೊನೆಗೆ ತೆಂಗಿನ ತುರಿ, ಕೊತ್ತಂಬರಿ, ಹುರಿದ ಕಡಲೆಕಾಯಿ ಬೀಜ. ಮಧ್ಯಾಹ್ನದ ಡಬ್ಬಿಗೆ ಕಟ್ಟುವುದಾದರೆ ಹುಳಿ ತುಸು ಮುಂದಿರಲಿ, ಹೊತ್ತು ಕಳೆದಂತೆ ಅನ್ನ ಅದನ್ನು ಹೀರುತ್ತದೆ.

ನಿಂಬೆಹಣ್ಣಿನ ಸಾರು. ಕಾಲು ಲೋಟ ತೊಗರಿಬೇಳೆಯನ್ನು ಅರಿಶಿನದ ಜೊತೆ ಮೆತ್ತಗೆ ಬೇಯಿಸಿ ಮಸೆಯಿರಿ. ಮೂರು ಲೋಟ ನೀರು, ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸಿನಕಾಯಿ, ಕುಟ್ಟಿದ ಜೀರಿಗೆ ಮೆಣಸು, ಕೊತ್ತಂಬರಿ ಬೇರು, ಉಪ್ಪು ಹಾಕಿ ಕುದಿಸಿ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು ಉರಿ ಆರಿಸಿ. ಎರಡು ನಿಮಿಷ ಬಿಟ್ಟು ಒಂದು ಹಣ್ಣಿನ ರಸ, ಕೊತ್ತಂಬರಿ ಎಲೆ. ಮನೆಯವರು ಬೇರೆ ಬೇರೆ ಹೊತ್ತಿಗೆ ಉಣ್ಣುವುದಾದರೆ ಪಾತ್ರೆಗೆ ಹಿಂಡಲೇಬೇಡಿ. ಬಡಿಸುವಷ್ಟನ್ನು ಬಿಸಿ ಮಾಡಿ, ಅವರವರ ಬಟ್ಟಲಿಗೆ ಹಿಂಡಿಕೊಳ್ಳಲಿ.

ಪುದೀನ ಕೊತ್ತಂಬರಿ ಚಟ್ನಿ. ಎರಡು ಹಿಡಿ ಕೊತ್ತಂಬರಿಗೆ ಒಂದು ಹಿಡಿ ಪುದೀನ ಸಾಕು. ಕೊತ್ತಂಬರಿಯ ಎಳೆ ಕಡ್ಡಿ ಇರಲಿ, ಪುದೀನದ ಕಡ್ಡಿ ಬೇಡವೇ ಬೇಡ, ಅದು ಕಹಿ. ಪುದೀನವನ್ನು ಎಣ್ಣೆಯಲ್ಲಿ ಒಂದು ನಿಮಿಷ ಬಾಡಿಸಿ ಆರಿಸಿ. ಎಲೆಯನ್ನು ಕಪ್ಪಾಗಿಸುವ ಕಿಣ್ವಗಳು ಆ ಬಿಸಿಗೆ ಅಡಗುತ್ತವೆ. ತೆಂಗಿನಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ, ಉಪ್ಪನ್ನು ಮೊದಲು ಅರೆದು, ಸೊಪ್ಪನ್ನು ಕೊನೆಗೆ ತಣ್ಣೀರು ಹಾಕಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಮಿಕ್ಸಿಯನ್ನು ಒಂದೇ ಸಮನೆ ಓಡಿಸಿದರೆ ಜಾರ್ ಬಿಸಿಯಾಗಿ ಸೊಪ್ಪು ಬೇಯುತ್ತದೆ. ನಿಂಬೆರಸ ರುಬ್ಬಿದ ನಂತರ, ಅರ್ಧ ಹಣ್ಣು. ನಾಳೆಗೂ ಇಡುವ ಚಟ್ನಿಗೆ ಇಂದೇ ರಸ ಹಾಕಬೇಡಿ, ಹಸಿರು ಮಾಸುತ್ತದೆ.

ದೊಡ್ಡಪತ್ರೆ ತಂಬುಳಿ. ಹದಿನೈದು ಎಲೆ, ಒಂದು ಚಮಚ ಜೀರಿಗೆ, ಐದಾರು ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸಿ, ಪೂರ್ತಿ ಆರಿದ ಮೇಲೆ ಮೂರು ದೊಡ್ಡ ಚಮಚ ತೆಂಗಿನ ತುರಿಯೊಂದಿಗೆ ನುಣ್ಣಗೆ ರುಬ್ಬಿ. ಒಂದು ಲೋಟ ಮಜ್ಜಿಗೆ, ಉಪ್ಪು ಬೆರೆಸಿ, ಸಾಸಿವೆ ಒಣಮೆಣಸಿನ ಒಗ್ಗರಣೆ ಕೊಡಿ. ಕುದಿಸಬಾರದು. ಬಿಸಿ ಮಸಾಲೆಗೆ ಮಜ್ಜಿಗೆ ಹಾಕಿದರೂ ಒಡೆಯುತ್ತದೆ. ಮಜ್ಜಿಗೆಯದೇ ಹುಳಿ ಇರುವುದರಿಂದ ಇಲ್ಲಿ ನಿಂಬೆಗೆ ಕೆಲಸವಿಲ್ಲ.

ನಿಂಬೆ ಎಲೆಯ ಮಜ್ಜಿಗೆ. ಮೂರು ನಾಲ್ಕು ಎಲೆಗಳ ನಡುನಾರು ತೆಗೆದು, ಉಪ್ಪು, ಶುಂಠಿ, ಹಸಿಮೆಣಸಿನಕಾಯಿಯೊಂದಿಗೆ ಜಜ್ಜಿ ನೀರು ಮಜ್ಜಿಗೆಗೆ ಹಾಕಿ. ಹತ್ತು ನಿಮಿಷ ಬಿಟ್ಟು ಸೋಸಿ. ಗಂಟೆಗಟ್ಟಲೆ ಬಿಟ್ಟರೆ ಎಲೆಯ ಕಹಿ ಇಳಿಯುತ್ತದೆ. ಎಲೆಯನ್ನು ಮಿಕ್ಸಿಗೆ ಹಾಕುವುದೂ ಅಷ್ಟೇ ತಪ್ಪು.

ಕೋಸಂಬರಿಯ ಬಗ್ಗೆ ಒಂದೇ ಮಾತು: ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನ ತುರಿ, ಒಗ್ಗರಣೆ ಎಲ್ಲ ಮೊದಲೇ ಕಲಸಿಡಬಹುದು, ಉಪ್ಪು ಮತ್ತು ನಿಂಬೆರಸ ಮಾತ್ರ ಊಟದ ಎಲೆ ಹಾಕಿದ ಮೇಲೆ. ಮೊದಲೇ ಹಾಕಿದರೆ ಸೌತೆ ನೀರು ಬಿಡುತ್ತದೆ.

## ಹಂತ 8: ಹಣ್ಣು ಹೆಚ್ಚಾದಾಗ

ಗಿಡ ಬಿಡುವಾಗ ಬುಟ್ಟಿಗಟ್ಟಲೆ ಬಿಡುತ್ತದೆ, ಬೇಸಿಗೆಯಲ್ಲಿ ಬೇಕೆಂದಾಗ ಒಂದೂ ಇರುವುದಿಲ್ಲ. ನೆರೆಹೊರೆಗೆ ಹಂಚಿ ಉಳಿದದ್ದಕ್ಕೆ ಎರಡು ದಾರಿ.

ಮೊದಲನೆಯದು ರಸವನ್ನು ಮಂಜುಗಡ್ಡೆ ಮಾಡುವುದು. ಬೀಜ, ತಿರುಳು ಬೀಳದಂತೆ ಸೋಸಿದ ರಸವನ್ನು ಐಸ್ ತಟ್ಟೆಯ ಮನೆಗಳಿಗೆ ಒಂದೊಂದು ದೊಡ್ಡ ಚಮಚದಂತೆ ಅಳೆದು ಹಾಕಿ. ಗಡ್ಡೆ ಕಟ್ಟಿದ ಮೇಲೆ ಮುಚ್ಚಿದ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲೇ ಇಡಿ. ಒಂದು ಗಡ್ಡೆ ಎಂದರೆ ಹೆಚ್ಚುಕಡಿಮೆ ಒಂದು ಹಣ್ಣು. ಮೂರು ತಿಂಗಳೊಳಗೆ ಮುಗಿಸಿ. ಶರಬತ್ತಿಗೆ, ಚಿತ್ರಾನ್ನಕ್ಕೆ ಆಗುತ್ತದೆ. ತಾಜಾ ಪರಿಮಳ ಬೇಕಾದ ಕೋಸಂಬರಿಗೆ ಸಾಲದು.

ಎರಡನೆಯದು ಉಪ್ಪಿನಕಾಯಿ. ಇಲ್ಲಿ ಉಪ್ಪು ತೂಕ ಮಾಡಿಯೇ ಹಾಕಬೇಕು. ಆರೋಗ್ಯಕ್ಕೆಂದು ಉಪ್ಪು ಕಡಿಮೆ ಮಾಡುವವರು ಉಪ್ಪಿನಕಾಯಿಯನ್ನು ಕಡಿಮೆ ತಿನ್ನಲಿ, ಜಾಡಿಯಲ್ಲಿ ಉಪ್ಪು ಇಳಿಸಬಾರದು. ಒಂದು ಕಿಲೋ ಹಳದಿ ಹಣ್ಣಿಗೆ 200ರಿಂದ 250 ಗ್ರಾಂ ಕಲ್ಲುಪ್ಪು.

ಹಣ್ಣನ್ನು ತೊಳೆದು, ಒರಸಿ, ರಾತ್ರಿಯಿಡೀ ಬಟ್ಟೆಯ ಮೇಲೆ ಆರಲು ಬಿಡಿ. ತೊಟ್ಟಿನ ಗುಳಿಯಲ್ಲಿ ನಿಂತ ಒಂದು ಹನಿ ನೀರು ಸಾಕು, ಮುಂದೆ ಬೂಷ್ಟಿಗೆ ಅದೇ ದಾರಿ. ಉಪ್ಪನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು ಆರಿಸಿ. ಜಾಡಿಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಒಣಗಿಸಿ. ಹಣ್ಣನ್ನು ಎಂಟು ಹೋಳು ಮಾಡಿ ಬೀಜ ತೆಗೆದು, ಒಂದು ಪದರ ಹೋಳು, ಒಂದು ಪದರ ಉಪ್ಪು ಎಂದು ತುಂಬಿ. ದಿನಕ್ಕೊಮ್ಮೆ ಜಾಡಿಯನ್ನು ಕುಲುಕಿ ಅಥವಾ ಒಣ ಮರದ ಸೌಟಿನಿಂದ ಮೇಲೆ ಕೆಳಗೆ ಮಾಡಿ. ಎರಡು ಮೂರು ದಿನದಲ್ಲಿ ಉಪ್ಪುನೀರು ಬಿಡುತ್ತದೆ. ಹೋಳುಗಳು ಅದರಲ್ಲಿ ಮುಳುಗಿರಬೇಕು. ಮುಳುಗದಿದ್ದರೆ ನೀರು ಹಾಕಬೇಡಿ, ಇನ್ನೂ ನಾಲ್ಕು ಹಣ್ಣಿನ ರಸ ಹಿಂಡಿ.

ಎರಡು ವಾರಕ್ಕೆ ಒಂದು ಹೋಳನ್ನು ಬೆರಳುಗಳ ನಡುವೆ ಒತ್ತಿ ನೋಡಿ. ಸಿಪ್ಪೆ ಮೆತ್ತಗೆ ಹಿಸುಕಿದರೆ ಮಸಾಲೆಗೆ ಸಿದ್ಧ. ಇನ್ನೂ ಗಟ್ಟಿಯಿದ್ದರೆ ಕಾಯಿರಿ. ಬೇಗ ಮಸಾಲೆ ಬೆರೆಸಿದವರ ಉಪ್ಪಿನಕಾಯಿಯೇ ಕಹಿಯಾಗುವುದು, ಸಿಪ್ಪೆಯ ಕಹಿ ಇಳಿಯಲು ಉಪ್ಪಿಗೆ ಸಮಯ ಬೇಕು. ಮೆಂತ್ಯ ಹೆಚ್ಚಾದರೂ ಕಹಿ: ಕಿಲೋಗೆ ಹದವಾಗಿ ಹುರಿದ ಎರಡು ಸಣ್ಣ ಚಮಚ ಮೀರಬಾರದು. ಅಚ್ಚಖಾರದ ಪುಡಿ, ಸಾಸಿವೆ ಪುಡಿ, ಅರಿಶಿನ ಸೇರಿಸಿ, ಇಂಗಿನ ಒಗ್ಗರಣೆ ಪೂರ್ತಿ ತಣಿದ ಮೇಲೆ ಸುರಿಯಿರಿ.

## ಹಂತ 9: ಏನು ಕಂಡರೆ ಎಚ್ಚರವಾಗಬೇಕು

ಕತ್ತರಿಸಿದಾಗ ಹಣ್ಣಿನ ಒಳಗು ಒಣಗಿ ಹೊಟ್ಟಾಗಿದ್ದರೆ ಗಿಡದಲ್ಲೇ ಮುದಿಯಾಗಿದೆ, ಅಥವಾ ಕಾಯಿ ದಪ್ಪವಾಗುವಾಗ ಗಿಡಕ್ಕೆ ನೀರು ಸಾಲದೆ ಹೋಗಿದೆ. ಹುಳಿತ ಸಾರಾಯಿಯಂಥ ವಾಸನೆ ಬಂದರೆ ಇಡೀ ಹಣ್ಣನ್ನು ಗೊಬ್ಬರದ ಗುಂಡಿಗೆ ಹಾಕಿ, ಚೆನ್ನಾಗಿ ಕಾಣುವ ಅರ್ಧವನ್ನು ಉಳಿಸಿಕೊಳ್ಳುವ ಆಸೆ ಬೇಡ.

ಎಲೆಯ ಮೇಲೆ ಬೆಳ್ಳಿಯ ಗೆರೆ ಅಂಕುಡೊಂಕಾಗಿ ಹರಿದಿದ್ದರೆ ಅದು ರಂಗೋಲಿ ಹುಳುವಿನ ಕೆಲಸ. ಅಂಥ ಎಲೆ ಮಜ್ಜಿಗೆಗೆ ಬೇಡ, ಹಣ್ಣಿಗೆ ತೊಂದರೆಯಿಲ್ಲ. ಕೊತ್ತಂಬರಿ, ಪುದೀನದ ಕಟ್ಟಿನ ನಡುವೆ ಲೋಳೆ ಕಂಡರೆ ಆ ಕಡ್ಡಿಗಳ ಜೊತೆ ಅಕ್ಕಪಕ್ಕದವನ್ನೂ ತೆಗೆಯಿರಿ. ಕರಿಬೇವು ಕೇವಲ ಒಣಗಿ ಗರಿಗರಿಯಾಗಿದ್ದರೆ ಪುಡಿ ಮಾಡಿಕೊಳ್ಳಬಹುದು, ಮುಗ್ಗಲು ವಾಸನೆ ಬಂದರೆ ಬೇಡ.

ಉಪ್ಪಿನಕಾಯಿಯ ಜಾಡಿಯ ಒಳಗೋಡೆಗೆ ಉಪ್ಪಿನ ಹರಳು ಬಿಳಿಯಾಗಿ ಅಂಟಿರುತ್ತದೆ. ಮುಟ್ಟಿದರೆ ಗರಗರ ಎನ್ನುತ್ತದೆ, ನೆಕ್ಕಿದರೆ ಉಪ್ಪು. ಅದು ಕೆಟ್ಟದ್ದಲ್ಲ. ಮೆತ್ತಗೆ ರೋಮದಂತೆ ಎದ್ದು ನಿಂತ ಬಿಳಿ, ಹಸಿರು, ಕಪ್ಪು ಪದರವೇ ಬೂಷ್ಟು, ಅದನ್ನು ನೆಕ್ಕಿ ನೋಡಬೇಡಿ. ಮೇಲಿನ ಪದರ ತೆಗೆದು ಕೆಳಗಿನದನ್ನು ಬಿಸಿಲಿಗಿಟ್ಟರೆ ಸರಿಹೋಗುತ್ತದೆ ಎಂದು ಹಲವರು ಹೇಳುತ್ತಾರೆ. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಕೆಳಕ್ಕೆ ಇಳಿದಿರುತ್ತವೆ, ಇಡೀ ಜಾಡಿ ಚೆಲ್ಲುವುದೇ ಸರಿ. ಖಾಲಿ ಜಾಡಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಒಣಗಿಸಿ. ಮುಚ್ಚಳದ ರಬ್ಬರ್ ಉಂಗುರ ಅಥವಾ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಹೊಸದಾಗಿ ಬದಲಿಸಿ.